ನಾಲ್ಕನೇ ಜ್ವರ

ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗಾದರೂ ಜ್ವರ ಅಂದರೆ ಅದು ಮೈ ಸುಡುವ ಜ್ವರವಲ್ಲ. ಹೊಸದಾಗಿ ಸೇರಿದವರಿಗೆ ಇದು ಗೊತ್ತಾಗುತ್ತಿರಲಿಲ್ಲ. "ಕೆಮಿಸ್ಟ್ರಿ ಮೇಡಂಗೆ ಜ್ವರ, ಯಾರೂ ತೊಂದರೆ ಕೊಡಬೇಡ್ರಪ್ಪ" ಎಂದು ನಮ್ಮ ಮೆಕ್ಯಾನಿಕಲ್ ಪ್ರೊಫೆಸರು ಒಮ್ಮೆ ಹೇಳಿದ್ದನ್ನು ಕೇಳಿ, ಮಾಲೂರಿನಿಂದ ಬಂದು ಸೇರಿದ್ದ ಹುಡುಗಿಯೊಬ್ಬಳು ತನ್ನ ಬ್ಯಾಗಿನಿಂದ ಮಾತ್ರೆ ತೆಗೆದು ಮೇಡಂ ಮೇಜಿನ ಮೇಲಿಟ್ಟು ಬಂದಿದ್ದಳು. ಮೇಡಂ ಮಾತ್ರೆ ನೋಡಿದರು, ಆ ಹುಡುಗಿಯನ್ನು ನೋಡಿದರು, ಕೊನೆಗೆ ಪ್ರೊಫೆಸರ ಕಡೆ ತಿರುಗಿ ಹಣೆ ಚಚ್ಚಿಕೊಂಡರು. ರೂಮಿಗೆ ರೂಮೇ ನಕ್ಕಿತು. ಈಗ ಆ ರೂಮಿನಲ್ಲಿ ಆ ಪದವನ್ನು ಯಾರೂ ಬಳಸುವುದಿಲ್ಲ.

ಆ ಪ್ರೊಫೆಸರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಹೆಸರು ನಾನು ಬರೆಯುವುದಿಲ್ಲ. ಹೆಸರು ಬರೆದರೆ ಕಾಲೇಜಿನ ಹೆಸರು ಬರುತ್ತದೆ, ಅದರ ಬೆನ್ನಿಗೆ ಇನ್ನೇನೇನೋ ಬರುತ್ತದೆ, ನನಗೆ ಬೇಕಾಗಿರುವುದು ಆ ಮನುಷ್ಯ ಮಾತ್ರ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯ ಪಕ್ಕದ ಒಂದು ಎಂಜಿನಿಯರಿಂಗ್ ಕಾಲೇಜು ಅಂದರೆ ಸಾಕು. ನಾನು ಮುಳಬಾಗಿಲಿನವಳು, ಲೆಕ್ಕಪತ್ರ ಬರೆಯುವವರ ಮನೆಯ ಮಗಳು. ಅವರು ಕ್ಯಾಲನೂರಿನ ಆಚೆಯ ಒಂದು ಹಳ್ಳಿಯವರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಬೆಳಗಾದರೆ ಡೈರಿಗೆ ಹಾಲು, ಅಣ್ಣ ತಮ್ಮಂದಿರು ಒಟ್ಟಿಗಿರುವ ಮನೆ. ಆ ಮನೆಯಿಂದ ಎಂಜಿನಿಯರಿಂಗ್ ಓದಿದ ಮೊದಲನೆಯವರು ಅವರು.

ಜ್ವರ ಅನ್ನುವ ಪದ ಆ ಹುಳದ ಮನೆಯದು. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದಂತೆ. ಪೊರೆ ಬಿಡುವ ಹೊತ್ತು ಬಂದಾಗ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಅದನ್ನೇ ಅವರ ಕಡೆ ಹುಳ ಜ್ವರಕ್ಕೆ ಕೂತಿದೆ ಅನ್ನುವುದು. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು. ಸುಣ್ಣದ ಪುಡಿ ಉದುರಿಸಿ, ಗಾಳಿ ಆಡುವ ಹಾಗೆ ಬಿಟ್ಟು, ಸುಮ್ಮನೆ ಕಾಯಬೇಕು. ಮೊದಲು ಎದ್ದ ಹುಳಕ್ಕೆ ಹಸಿವಾಗಿದೆ ಅಂತ ಸೊಪ್ಪು ಹಾಕಿಬಿಟ್ಟರೆ ಹಿಂದುಳಿದದ್ದು ಸೊಪ್ಪಿನಡಿ ಸಿಕ್ಕಿ ಕೆಡುತ್ತದೆ. ಇಷ್ಟನ್ನೂ ನನಗೆ ಅವರೇ ಹೇಳಿಕೊಟ್ಟದ್ದು, ಥರ್ಮಲ್ ಲ್ಯಾಬಿನ ಬಾಯ್ಲರ್ ಪಕ್ಕ ನಿಂತು, ಮಕ್ಕಳು ರೀಡಿಂಗ್ ತೆಗೆದುಕೊಳ್ಳುತ್ತಿದ್ದಾಗ.

ನೋಡಲು ಏನೂ ವಿಶೇಷವಿಲ್ಲದ ಆಳು. ಗಿಡ್ಡಗೆ, ಕಪ್ಪಗೆ, ತಲೆಯಲ್ಲಿ ಕೂದಲು ಉಳಿದಿದ್ದದ್ದು ಕಿವಿಗಳ ಮೇಲೆ ಮಾತ್ರ. ಅರ್ಧ ತೋಳಿನ ಶರಟಿನ ಜೇಬಿನಲ್ಲಿ ಒಂದು ಪುಟ್ಟ ಸ್ಟೀಲ್ ಸ್ಕೇಲು. ಯೋಚನೆಗೆ ಬಿದ್ದರೆ ಅದನ್ನು ಹೊರತೆಗೆದು ಅಂಚಿಗೆ ಹೆಬ್ಬೆರಳು ಸವರುತ್ತ ಕೂರುತ್ತಿದ್ದರು. ಮಾರ್ಕ್ಸ್ ಕೊಡುವುದರಲ್ಲಿ ಮಹಾ ಜಿಪುಣ. ಮೀಟಿಂಗ್ ಅಂದರೆ ತೂಕಡಿಸುತ್ತಿದ್ದರು. ಮೇಲಿನವರು ಏನು ಹೇಳಿದರೂ "ಆಗಲಿ ಸಾರ್" ಅಂದು ಹೊರಗೆ ಬಂದು ತೆಲುಗಿನಲ್ಲಿ ಬೈಯುತ್ತಿದ್ದರು. ಈ ಅಭ್ಯಾಸ ನನಗೆ ಕೊನೆಯವರೆಗೂ ಹಿಡಿಸಲಿಲ್ಲ. ಬೋರ್ಡಿನ ಮೇಲಿನ ತಮ್ಮ ಅಕ್ಷರದ ಬಗ್ಗೆ ಸ್ವಲ್ಪ ಜಂಬವೂ ಇತ್ತು. ತರಗತಿ ಮುಗಿದ ಮೇಲೆ ಒರೆಸಲು ಹೋದ ಹುಡುಗರಿಗೆ, "ಇರ್ಲಿ ಬಿಡಪ್ಪ, ಮುಂದಿನವರು ಒರೆಸ್ಕೊತಾರೆ" ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ.

ಶ್ರೀನಿವಾಸಪುರದ ಕಡೆಯ ಹುಡುಗರಿಗೆ ಅವರನ್ನು ಕಂಡರೆ ಸಲಿಗೆ. ಅವರ ತಾಯಿಯ ತವರು ಆ ಕಡೆ, ಹಾಗಾಗಿ ತೆಲುಗು ಸಲೀಸು. ಪಾಠ ಇಂಗ್ಲಿಷಿನಲ್ಲಿ ಶುರುವಾಗಿ, ಕನ್ನಡಕ್ಕೆ ಇಳಿದು, ಕಷ್ಟದ ಜಾಗ ಬಂದಾಗ ತೆಲುಗಿಗೆ ಹೋಗುತ್ತಿತ್ತು. "ಅರ್ಥಮೈಂದಾ ರಾ?" ಅಂತ ಕೇಳುವರು. ಇಲ್ಲ ಅಂದವನಿಗೆ ಬೈಗುಳ ಇಲ್ಲ. "ನಿದಾನಮೇ ಪ್ರಧಾನಂ. ಕೂತ್ಕೊ, ಇನ್ನೊಂದು ಸಲ ನೋಡೋಣ." ಹೌದು ಅಂದವನನ್ನು ಬೋರ್ಡಿಗೆ ಕರೆಯುವರು. ಆದ್ದರಿಂದ ಅವರ ಕ್ಲಾಸಿನಲ್ಲಿ ಹೌದು ಅನ್ನುವವರೇ ಕಡಿಮೆ.

ಅವರಿಗೆ ಇನ್ನೊಂದು ಪದ್ಧತಿ ಇತ್ತು. ಲೆಕ್ಕ ತಪ್ಪಿದರೆ, ಯಂತ್ರ ಕೈಕೊಟ್ಟರೆ, ಅವಸರದಿಂದ ಸರಿಪಡಿಸಲು ಹೋಗುತ್ತಿರಲಿಲ್ಲ. ಕೈ ಕಟ್ಟಿ ಮಕ್ಕಳ ಕಡೆ ತಿರುಗಿ, "ಎಲ್ಲಿ ತಪ್ಪಿದೆ, ಹುಡುಕ್ರಿ" ಅನ್ನುತ್ತಿದ್ದರು. ಉತ್ತರ ಗೊತ್ತಿದ್ದಾಗಲೂ ಹಾಗೇ, ಗೊತ್ತಿಲ್ಲದಾಗಲೂ ಹಾಗೇ. ಯಾವಾಗ ಗೊತ್ತಿತ್ತು ಯಾವಾಗ ಇರಲಿಲ್ಲ ಎಂಬುದು ಮುಖ ನೋಡಿ ಹೇಳಲು ಬರುತ್ತಿರಲಿಲ್ಲ. ಆಮೇಲೆ ಇದೇ ಅವರಿಗೆ ಮುಳುವಾಯಿತು.

ತಮ್ಮ ಮೊದಲನೇ ಜ್ವರದ ಕತೆಯನ್ನು ಅವರು ಹೇಳದೆ ಬಿಟ್ಟ ಹೊಸಬರಿಲ್ಲ. ಅವರು ಕೆಲಸಕ್ಕೆ ಸೇರಿದಾಗ ಡ್ರಾಯಿಂಗ್ ಅಂದರೆ ಮರದ ಬೋರ್ಡು, ಟಿ-ಸ್ಕ್ವೇರು, ಮೊನೆ ಚೂಪಾದ ಪೆನ್ಸಿಲ್ಲು. ಗೆರೆ ಎಳೆಯುವುದರಲ್ಲಿ ಹೆಸರು ಮಾಡಿದ್ದವರು. ಇದ್ದಕ್ಕಿದ್ದಂತೆ ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದನ್ನು ಕಲಿಸಿ ಅಂದರು. ಇವರು ಮೌಸ್ ಹಿಡಿದರೆ ಗೆರೆ ಹಾವಿನ ಹಾಗೆ ಹೋಗುತ್ತಿತ್ತಂತೆ. ಅವಮಾನಕ್ಕೆ ಊಟ ಬಿಟ್ಟು, ಕೆಲಸ ಬಿಟ್ಟು ತೋಟ ನೋಡಿಕೊಳ್ಳುತ್ತೇನೆ ಅಂತ ಹೊರಟರಂತೆ. ಆಗಿನ ವಿಭಾಗದ ಮುಖ್ಯಸ್ಥರು ಮುದುಕರು. ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಒಂದು ತಿಂಗಳು ಇವರ ಪಾಠಗಳನ್ನೆಲ್ಲ ತಾವೇ ತೆಗೆದುಕೊಂಡು, ಲ್ಯಾಬಿನ ಬೀಗದ ಕೈ ಇವರಿಗೆ ಕೊಟ್ಟು, "ಬಾಗಿಲು ಹಾಕ್ಕೊಂಡು ತಪ್ಪು ಮಾಡು, ಯಾರೂ ನೋಡಲ್ಲ" ಅಂದರಂತೆ.

"ಅಷ್ಟೇ ಕಣಮ್ಮ. ಆವಯ್ಯ ನನಗೇನೂ ಕಲಿಸ್ಲಿಲ್ಲ. ಅವರಿಗೂ ಕಂಪ್ಯೂಟರ್ ಬರ್ತಿರ್ಲಿಲ್ಲ. ಸುಮ್ಮನೆ ನನ್ನ ಮೇಲೆ ಯಾರೂ ಸೊಪ್ಪು ಸುರಿಯದ ಹಾಗೆ ನೋಡ್ಕೊಂಡ್ರು" ಎನ್ನುತ್ತಿದ್ದರು.

ಆ ಸಾಲವನ್ನು ಅವರು ಬೇರೆಯವರಿಗೆ ತೀರಿಸುತ್ತ ಬಂದರು. ಕೊರೋನಾ ಕಾಲದಲ್ಲಿ ಎಲ್ಲ ಪಾಠ ಆನ್‌ಲೈನಿಗೆ ಹೋಯಿತಲ್ಲ, ಆಗ ಕೆಮಿಸ್ಟ್ರಿ ಮೇಡಂ ಫೋನ್ ಮುಂದೆ ಕೂತು ನಡುಗುತ್ತಿದ್ದರು. ಅವರು ಕ್ಲಾಸಿಗೆ ಬಂದರೆ ಹಿಂದಿನ ಬೆಂಚಿನವರೂ ಸೆಟೆದು ಕೂರುತ್ತಿದ್ದರು, ಅಂಥ ಗಟ್ಟಿ ಹೆಂಗಸು. ಆದರೆ ಪರದೆಯ ಮೇಲೆ ಬರೀ ಹೆಸರುಗಳು, ಮುಖವಿಲ್ಲ, ಸದ್ದಿಲ್ಲ. "ಗೋಡೆಗೆ ಪಾಠ ಮಾಡಿದ ಹಾಗಾಗುತ್ತೆ ಸಾರ್, ನನ್ನ ಕೈಲಾಗಲ್ಲ" ಎಂದು ಅತ್ತರು. ಮರುದಿನದಿಂದ ಪ್ರೊಫೆಸರು ಅವರ ಕ್ಲಾಸಿಗೆ ವಿದ್ಯಾರ್ಥಿಯಾಗಿ ಸೇರಿಕೊಂಡರು. ಕ್ಯಾಮೆರಾ ಹಾಕಿಕೊಂಡು ತಮ್ಮ ಮನೆಯ ಜಗುಲಿಯಲ್ಲಿ ಕೂರುವರು; ಹಿಂದೆ ಹಸು ಅಂಬಾ ಅನ್ನುವುದು. "ಮೇಡಂ, ತುಕ್ಕು ಯಾಕೆ ಕೆಂಪಗಿರ್ತದೆ?" ಅಂತ ಏನಾದರೊಂದು ದಡ್ಡ ಪ್ರಶ್ನೆ ಕೇಳುವರು. ಮೇಡಂಗೆ ಮಾತಾಡಲು ಒಂದು ಮುಖ ಸಿಕ್ಕಿತು. ನೋಡುನೋಡುತ್ತ ಮಕ್ಕಳೂ ಕ್ಯಾಮೆರಾ ಹಾಕತೊಡಗಿದರು, ಹಸು ನೋಡುವ ಆಸೆಗೋ ಏನೋ. ಆಗಲೇ ಅವರು ಮೇಡಂಗೆ ಜ್ವರ ಅಂತ ನಮ್ಮ ಗ್ರೂಪಿಗೆ ಹಾಕಿದ್ದು. ಕಾಲೇಜು ಮತ್ತೆ ತೆರೆದ ಮೇಲೂ ಯಾರಾದರೂ ಹೊಸದಕ್ಕೆ ತಿಣುಕುತ್ತಿದ್ದರೆ ಅದೇ ಪದ ನಡೆಯಿತು.

ನನ್ನ ಜ್ವರವೂ ಅವರ ಕಣ್ಣೆದುರಿಗೇ ಆಯಿತು. ಮೆಕ್ಯಾನಿಕಲ್‌ಗೆ ಸೇರುವ ಮಕ್ಕಳು ವರ್ಷವರ್ಷಕ್ಕೂ ಕಡಿಮೆಯಾಗುತ್ತ ಬಂದು, ನಮ್ಮಲ್ಲಿ ಕೆಲವರು ಡೇಟಾ ಸೈನ್ಸಿನ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಬೇಕು ಎಂದಾಯಿತು. ನಾನು ಉಷ್ಣದ ಪಾಠ ಮಾಡುತ್ತಿದ್ದವಳು. ಹತ್ತು ವರ್ಷ ಪಳಗಿದ ವಿಷಯ ಬಿಟ್ಟು, ನನ್ನ ವಿದ್ಯಾರ್ಥಿಗಳಿಗೇ ನನಗಿಂತ ಚೆನ್ನಾಗಿ ಗೊತ್ತಿರುವ ವಿಷಯವನ್ನು ಅವರಿಗೇ ಕಲಿಸುವುದು ಅಂದರೆ ಹೇಗಿರುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ನಾನು ಲ್ಯಾಬಿನ ಸ್ಟೋರ್ ರೂಮಿನಲ್ಲಿ ಬಾಗಿಲು ಮುಚ್ಚಿಕೊಂಡು ಅತ್ತೆ. ಹೊರಗೆ ಬಂದಾಗ ಅವರು ಬೆಂಚಿನ ಮೇಲೆ ಸ್ಕೇಲು ಸವರುತ್ತ ಕೂತಿದ್ದರು.

"ಬೆಳಗಿನ ವರ್ಕ್‌ಶಾಪ್ ಎಲ್ಲ ನಾನು ನೋಡ್ಕೊತೀನಿ. ನೀನು ಕೂತು ಕಲಿ" ಅಂದರು.

"ನಿಮಗೆ ಜಾಸ್ತಿ ಆಗುತ್ತೆ ಸಾರ್."

"ನನಗೇನಮ್ಮ, ಮೂರು ದಾಟಿದೀನಿ, ನಾಲ್ಕನೇದು ಇನ್ನೂ ಬಂದಿಲ್ಲ. ಬಂದಾಗ ನೀನು ನೋಡ್ಕೊ."

ಆ ಸೆಮಿಸ್ಟರ್ ಪೂರ್ತಿ ಅವರು ನನ್ನ ಪಾಲಿನ ಲೇತ್, ಫೈಲಿಂಗ್, ವೆಲ್ಡಿಂಗ್ ಎಲ್ಲ ಮಾಡಿಸಿದರು. ನನ್ನ ಕ್ಲಾಸ್ ಪರಿಶೀಲನೆಗೆ ಪ್ರಿನ್ಸಿಪಾಲರು ಬಂದಾಗ ಬಾಗಿಲಲ್ಲೇ ಅಡ್ಡ ನಿಂತು, "ಇನ್ನೂ ಎದ್ದಿಲ್ಲ ಸಾರ್, ಮುಂದಿನ ತಿಂಗಳು ಬನ್ನಿ" ಎಂದು ಹೇಳಿ ಕಳಿಸಿದರು. ಪ್ರಿನ್ಸಿಪಾಲರು ಹಳೆಯ ಕಾಲದವರು, ನಕ್ಕು ಹೋದರು. ನಾನು ಧೈರ್ಯವಾಗಿ ಪಾಠ ಮಾಡಿದ ಮೊದಲ ದಿನ ಕೊನೆಯ ಬೆಂಚಿನಲ್ಲಿ ಅವರು ಕೂತಿದ್ದರು. ಮುಗಿದ ಮೇಲೆ ಕ್ಯಾಂಟೀನಿನಿಂದ ಎರಡು ಪ್ಲೇಟ್ ಮಸಾಲೆ ವಡೆ ತರಿಸಿ ಎರಡನ್ನೂ ನನ್ನ ಮುಂದೆ ತಳ್ಳಿದರು.

ಮರುವರ್ಷ ಆ ಪ್ರಿನ್ಸಿಪಾಲರು ನಿವೃತ್ತರಾದರು. ಪ್ರಿನ್ಸಿಪಾಲ್ ಹುದ್ದೆಯ ಮೇಲೆ ಡೈರೆಕ್ಟರ್ ಎಂಬ ಹೊಸ ಹುದ್ದೆಯೊಂದು ಹುಟ್ಟಿ, ಅದಕ್ಕೆ ಬೆಂಗಳೂರಿನಿಂದ ಒಬ್ಬರು ಬಂದರು. ಕೆಟ್ಟವರೆಂದು ಹೇಳಲಾರೆ. ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಆದರೆ ಅವರಿಗೆ ಯಾವಾಗಲೂ ಬಸ್ಸು ತಪ್ಪಿಹೋಗುತ್ತಿರುವಂಥ ಅವಸರ. ಬಂದ ಹೊಸತರಲ್ಲಿ, ಅಧ್ಯಾಪಕರು ಬದಲಾವಣೆಗೆ ಹೊಂದಿಕೊಳ್ಳುವುದು ಹೇಗೆ ಎಂಬುದರ ಮೇಲೆ ಒಂದು ದಿನದ ಕಾರ್ಯಾಗಾರ ಮಾಡಿಸಿದರು. ಹೊರಗಿನಿಂದ ಬಂದ ಭಾಷಣಕಾರರು ಪರದೆಯ ಮೇಲೆ ಒಂದೊಂದೇ ಅಂಶ ತೋರಿಸುತ್ತ ಹೋದರು. ಕುತೂಹಲ ಬೇಕು, ಆತ್ಮವಿಶ್ವಾಸ ಬೇಕು, ಸಕಾರಾತ್ಮಕ ಮನೋಭಾವ ಬೇಕು, ಕಂಫರ್ಟ್ ಝೋನಿನಿಂದ ಹೊರಗೆ ಬರಬೇಕು. ನಮ್ಮ ಪ್ರೊಫೆಸರು ಆವತ್ತು ನಿದ್ದೆ ಮಾಡಲಿಲ್ಲ. ಪ್ರಶ್ನೆಗಳಿವೆಯೇ ಎಂದಾಗ ಎದ್ದು ನಿಂತರು.

"ಟೈಮ್ ಎಷ್ಟು ಕೊಡ್ತೀರಾ ಸಾರ್?"

ಭಾಷಣಕಾರರಿಗೆ ಅರ್ಥವಾಗಲಿಲ್ಲ. ಡೈರೆಕ್ಟರು ನಗುತ್ತ, "ಇಂಡಸ್ಟ್ರಿ ಯಾರಿಗೂ ಕಾಯಲ್ಲ ಸಾರ್" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾಕೆ ತಟ್ಟಿದೆವೋ ಗೊತ್ತಿಲ್ಲ.

ಸಂಜೆ ಕಾಲೇಜ್ ಬಸ್ಸಿಗೆ ಕಾಯುತ್ತ ನಿಂತಾಗ ಅವರು ಹೇಳಿದರು: "ಭಾಷಣ ಮಾಡಿದ ಆವಯ್ಯ ಹೇಳಿದ್ದೆಲ್ಲ ಹುಳದ ಒಳಗಿರಬೇಕಾದ್ದು ಕಣಮ್ಮ. ಸುಳ್ಳಲ್ಲ, ಅದೂ ಬೇಕು. ಹುಳದ ಮನೆ ಬಗ್ಗೆ ಒಂದು ಮಾತೂ ಬರ್ಲಿಲ್ಲ ನೋಡು. ಗಾಳಿ ಎಷ್ಟಿರ್ಬೇಕು, ಸೆಕೆ ಎಷ್ಟಿರ್ಬೇಕು, ಯಾರು ಕಾಯ್ಬೇಕು, ಯಾವಾಗ ಸುಮ್ಮನಿರ್ಬೇಕು. ಬೆಳೆ ಕೆಟ್ಟರೆ ನಮ್ಮೂರಲ್ಲಿ ಹುಳನ ಬೈಯಲ್ಲ." ನಮ್ಮ ಮುಳಬಾಗಿಲು ಬಸ್ಸು ಮೊದಲು ಬಂತು. ಹತ್ತಿ ಕೂತೆ. ದೇವರಾಯಸಮುದ್ರದ ಕೆರೆ ದಾಟುವವರೆಗೂ ಆ ಮಾತು ತಲೆಯಲ್ಲೇ ಇತ್ತು.

ಆಮೇಲೆ ಅವರ ಸರದಿ ಬಂತು. ಮೆಕ್ಯಾನಿಕಲ್‌ಗೆ ಆ ವರ್ಷ ಸೇರಿದವರು ಒಂದು ಬೆಂಚಿಗೂ ಸಾಲದಷ್ಟು. ವಿಭಾಗದಲ್ಲಿ ಉಳಿಯಬೇಕಾದವರು ಸೆಮಿಸ್ಟರ್ ಕೊನೆಯೊಳಗೆ ಹೊಸ ವಿಷಯ ಕಲಿತು, ಸಮಿತಿಯ ಮುಂದೆ ಪಾಠ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಬಿಡಬೇಕು ಎಂದು ಡೈರೆಕ್ಟರು ಹೇಳಿದರು. ನಿವೃತ್ತಿಗೆ ಇನ್ನು ಕೆಲವೇ ವರ್ಷ ಉಳಿದಿದ್ದ ಮನುಷ್ಯ ನಮ್ಮ ಪ್ರೊಫೆಸರು. ಬೇರೆ ಯಾರಾದರೂ ಆಗಿದ್ದರೆ ಯೂನಿಯನ್ನು, ಕೋರ್ಟು ಅನ್ನುತ್ತಿದ್ದರು. ಇವರು "ಆಗಲಿ ಸಾರ್" ಅಂದರು. ಆ ಸಲ ಹೊರಗೆ ಬಂದು ಬೈಯಲೂ ಇಲ್ಲ.

ಒಂದು ಬೆರಳಲ್ಲಿ ಟೈಪ್ ಮಾಡುವರು. ಪ್ರೋಗ್ರಾಮನ್ನು ಮೊದಲು ಬೋರ್ಡಿನ ಮೇಲೆ ಮುದ್ದಾದ ಅಕ್ಷರದಲ್ಲಿ ಬರೆದು, ನೋಡಿ ಸಂತೋಷಪಟ್ಟು, ಆಮೇಲೆ ಕಂಪ್ಯೂಟರಿಗೆ ಇಳಿಸುವರು. ಪೈಥಾನ್‌ನಲ್ಲಿ ಸಾಲುಗಳು ಒಂದೇ ನೇರಕ್ಕೆ ಇರಬೇಕಲ್ಲ, ಅದೊಂದು ಅವರಿಗೆ ಬಹಳ ಹಿಡಿಸಿತು. "ಹಿಪ್ಪುನೇರಳೆ ಸಾಲು ಹಾಕಿದಂಗೆ ಕಣಮ್ಮ. ಯಾರೋ ಬೇಸಾಯಗಾರನೇ ಮಾಡಿರ್ಬೇಕು ಇದನ್ನ." ಆದರೆ ಮುಂದಕ್ಕೆ ಹೋದಂತೆ ಸಿಕ್ಕಿಕೊಳ್ಳುತ್ತಿದ್ದರು. ನಿನ್ನೆ ತಿಳಿದದ್ದು ಇವತ್ತು ಮರೆಯುತ್ತಿತ್ತು. ಮಧ್ಯಾಹ್ನ ಮುದ್ದೆಯ ಡಬ್ಬಿ ತೆರೆಯದೆ ಹಾಗೇ ವಾಪಸು ಹೋಗುತ್ತಿತ್ತು.

"ನಾಲ್ಕನೇದು ಎಲ್ಲಕ್ಕಿಂತ ದೊಡ್ಡ ಜ್ವರ," ಎಂದರು ಒಮ್ಮೆ. "ಜಾಸ್ತಿ ಹೊತ್ತು ಹಿಡಿತದೆ. ಆದ್ರೆ ಅದು ಎದ್ದ ಮೇಲೆ ನೋಡ್ಬೇಕು ಹುಳನ. ಎಷ್ಟು ಹಾಕಿದ್ರೂ ಸಾಲಲ್ಲ. ಮನೆಯೊಳಗೆ ಮಳೆ ಸುರಿದಂಗೆ ಸದ್ದು, ತಿನ್ನೋ ಸದ್ದು."

ನಾನು ಡೈರೆಕ್ಟರ ಹತ್ತಿರ ಹೋದೆ. ಸಾರ್ ಪಾಠಗಳಲ್ಲಿ ಅರ್ಧ ನಾನು ತೆಗೆದುಕೊಳ್ಳುತ್ತೇನೆ, ಅವರಿಗೆ ಕಲಿಯಲು ಬೆಳಗಿನ ಹೊತ್ತು ಬಿಡಿ ಎಂದು ಕೇಳಿದೆ. ಅವರು ನನ್ನ ಟೈಮ್ ಟೇಬಲ್ ತೆರೆದು ತೋರಿಸಿದರು. ವಿಭಾಗದ ಅರ್ಧದಷ್ಟು ಜನರನ್ನು ಆಗಲೇ ಕೆಲಸದಿಂದ ಕಳಿಸಿದ್ದರಿಂದ ಉಳಿದವರ ತಲೆಯ ಮೇಲೆ ಇಬ್ಬಿಬ್ಬರ ಹೊರೆ ಇತ್ತು. "ಎಲ್ಲಿದೆ ಮೇಡಂ ಜಾಗ? ನೀವೇ ತೋರಿಸಿ" ಅಂದರು. ಜಾಗ ಇರಲಿಲ್ಲ. ಕೆಮಿಸ್ಟ್ರಿ ಮೇಡಂ ಕೇಳಿದರು, ಅವರಿಗೂ ಅದೇ ಉತ್ತರ. ನಮ್ಮೆಲ್ಲರ ಜ್ವರ ಕಾದ ಮನುಷ್ಯನ ಜ್ವರ ಕಾಯಲು ನಮ್ಮ ಯಾರ ಹತ್ತಿರವೂ ಒಂದು ಪೀರಿಯಡ್ ಇರಲಿಲ್ಲ. ಆ ಕೋಪ ನನಗೆ ಇನ್ನೂ ಇಳಿದಿಲ್ಲ. ಯಾರ ಮೇಲೆ ಅಂತ ಕೇಳಿದರೆ ಬೊಟ್ಟು ಮಾಡಿ ತೋರಿಸಲೂ ಬರುವುದಿಲ್ಲ.

ಅಷ್ಟರಲ್ಲಿ ಮಾನ್ಯತೆ ಕೊಡುವ ತಂಡ ಬೇಗ ಬರುತ್ತದೆಂದು ಸಮಿತಿಯ ದಿನವನ್ನೂ ಹಿಂದಕ್ಕೆ ಎಳೆದರು. ಆ ದಿನ ಅವರು ಇಸ್ತ್ರಿ ಮಾಡಿದ ಶರಟು ಹಾಕಿ ಬಂದಿದ್ದರು. ಕ್ಲಾಸಿನಲ್ಲಿ ಮಕ್ಕಳು, ಮುಂದಿನ ಸಾಲಿನಲ್ಲಿ ಡೈರೆಕ್ಟರು ಮತ್ತು ಹೊರಗಿನಿಂದ ಬಂದ ಇಬ್ಬರು. ಪ್ರೊಜೆಕ್ಟರ್ ನೋಡಿಕೊಳ್ಳುವ ನೆವದಲ್ಲಿ ನಾನೂ ಮೂಲೆಯಲ್ಲಿ ಕೂತಿದ್ದೆ. ಮೊದಲ ಅರ್ಧ ಚೆನ್ನಾಗೇ ಹೋಯಿತು. ಆಮೇಲೆ ಪ್ರೋಗ್ರಾಮ್ ಓಡಿಸಿದರು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ತಪ್ಪು ಬಂತು. ಅವರು ಒಂದು ಗಳಿಗೆ ನೋಡಿದರು. ಆಮೇಲೆ ಇಷ್ಟು ವರ್ಷ ಮಾಡಿದ್ದನ್ನೇ ಮಾಡಿದರು. ಕೈ ಕಟ್ಟಿ ಮಕ್ಕಳ ಕಡೆ ತಿರುಗಿ, "ಎಲ್ಲಿ ತಪ್ಪಿದೆ, ಹುಡುಕ್ರಿ" ಅಂದರು.

ಮಕ್ಕಳು ಮುಂದಕ್ಕೆ ಬಾಗಿ ಹುಡುಕತೊಡಗಿದರು. ಹೊರಗಿನವರಲ್ಲಿ ಒಬ್ಬರು ಕೇಳಿದರು: "ಸಾರ್, ನಿಮಗೆ ಗೊತ್ತಿದೆಯಾ ಎಲ್ಲಿ ತಪ್ಪಿದೆ ಅಂತ?"

ಗೊತ್ತಿದೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಮೂಲೆಯಲ್ಲಿ ಕೂತು ಹೌದು ಅನ್ನಿ ಸಾರ್, ಹೌದು ಅನ್ನಿ ಅಂತ ಮನಸ್ಸಿನಲ್ಲೇ ಬೇಡುತ್ತಿದ್ದೆ.

"ಇಲ್ಲ ಸಾರ್. ನಾನೂ ಹುಡುಕ್ತಾ ಇದ್ದೀನಿ."

ಪೆನ್ನುಗಳು ಓಡಿದವು. ಶ್ರೀನಿವಾಸಪುರದ ಹುಡುಗಿಯೊಬ್ಬಳು ಎದ್ದು, ಮೂರನೇ ಸಾಲಿನಲ್ಲಿ ಒಂದು ಹೆಸರಿನ ಅಕ್ಷರ ತಪ್ಪಿದೆ ಎಂದು ತೋರಿಸಿದಳು. ಸಾರ್ ಮುಖ ಅರಳಿತು, "ಶಭಾಷ್, ನನಗೆ ಕಾಣಲೇ ಇಲ್ಲ ನೋಡಮ್ಮ" ಎಂದರು. ಆ ಹೊತ್ತಿಗೆ ಸಮಿತಿಯವರು ಎದ್ದು ಬಾಗಿಲ ಹತ್ತಿರ ಹೋಗಿದ್ದರು.

ಬೀಳ್ಕೊಡುಗೆಗೆ ಶಾಲು, ಹಣ್ಣಿನ ಬುಟ್ಟಿ, ಒಂದು ಗಡಿಯಾರ. ಮಾತಾಡಿ ಅಂದಾಗ ಮೈಕಿನ ಮುಂದೆ ನಿಂತು, "ನಾನಿನ್ನೂ ಎದ್ದಿಲ್ಲ. ಎದ್ದ ಮೇಲೆ ಬರ್ತೀನಿ" ಎಂದು ಕೂತರು. ಡೈರೆಕ್ಟರಿಗೆ ಅರ್ಥವಾಗದೆ ಅಕ್ಕಪಕ್ಕ ನೋಡಿದರು. ನಾವು ನಕ್ಕೆವು. ಕೆಮಿಸ್ಟ್ರಿ ಮೇಡಂ ಮಾತ್ರ ನಗಲಿಲ್ಲ.

ದೀಪಾವಳಿ ಮುಗಿದ ವಾರ ನನ್ನ ಫೋನ್ ಹೊಡೆದುಕೊಂಡಿತು. ಹಲೋ ಇಲ್ಲ, ಕ್ಷೇಮ ಸಮಾಚಾರ ಇಲ್ಲ. "ಎದ್ದೆ ಕಣಮ್ಮ" ಅಂದರು. ಕೆಲಸ ಹೋದ ಮೇಲೂ ಅವರು ಕಲಿಯುವುದನ್ನು ಬಿಟ್ಟಿರಲಿಲ್ಲ. ಅಣ್ಣನ ಮಗನ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು, ಜಗುಲಿಯಲ್ಲಿ ಕೂತು, ಒಂದು ಬೆರಳಲ್ಲೇ ದಾಟಿದ್ದರು. ಹುಳದ ಮನೆಯ ಸೆಕೆ ಮತ್ತು ತೇವವನ್ನು ಹಾಕಿಕೊಟ್ಟರೆ ಹುಳ ಜ್ವರದಿಂದ ಯಾವಾಗ ಏಳಬಹುದು ಎಂದು ಹೇಳುವ ಪ್ರೋಗ್ರಾಮ್ ಬರೆದಿದ್ದರಂತೆ. ದನಿಯಲ್ಲಿ ಎಂಥ ಹುರುಪು. "ಯಾರಿಗಾದ್ರೂ ಪಾಠ ಮಾಡ್ಬೇಕು ಅನ್ನಿಸ್ತೈತಮ್ಮ. ಹಸಿವು. ಒಂದು ಕ್ಲಾಸ್ ಕೊಡಿಸು."

ಹೋಗಿ ಕೇಳಿದೆ. ಆಗುವುದಿಲ್ಲ ಎನ್ನುತ್ತಾರೆಂದೇ ಅಂದುಕೊಂಡಿದ್ದೆ. ಡೈರೆಕ್ಟರು ತಕ್ಷಣ ಒಪ್ಪಿದರು. ಸಂಭಾವನೆ ಇಲ್ಲ, ಆದರೆ ಫೋಟೋ ಚೆನ್ನಾಗಿ ಬರಬೇಕು ಎಂದರು.

ಅವರು ಕ್ಯಾಲನೂರಿನಿಂದ ಎರಡು ಬಸ್ಸು ಬದಲಿಸಿ ಬಂದರು. ಜೇಬಿನಲ್ಲಿ ಅದೇ ಸ್ಕೇಲು. ಲ್ಯಾಬಿನ ತುಂಬ ಮಕ್ಕಳು. ಹುಳ ಸಾಕುವ ಮನೆಗಳಿಂದ ಬಂದವರು ಕೆಲವರಿದ್ದರು, ಅವರು ಎಂದೂ ಇಷ್ಟು ಮಾತಾಡಿದವರಲ್ಲ. ನಡುವೆ ಪ್ರೋಗ್ರಾಮ್ ಎಲ್ಲೋ ತಪ್ಪಿತು. ಸಾರ್ ಕೈ ಕಟ್ಟಿದರು. "ಎಲ್ಲಿ ತಪ್ಪಿದೆ, ಹುಡುಕ್ರಿ." ಆ ಗದ್ದಲ, ಆ ವಾದ, ಒಬ್ಬರ ಮೇಲೊಬ್ಬರು ಬಿದ್ದು ಪರದೆಯ ಹತ್ತಿರ ಹೋಗುವುದು. ತಪ್ಪು ಸಿಕ್ಕಿತು. ನಾನು ಹದಿನೈದು ವರ್ಷದಲ್ಲಿ ನೋಡಿದ ಅತ್ಯಂತ ಒಳ್ಳೆಯ ಪಾಠ ಅದು. ಕಾಲೇಜಿನ ಫೋಟೋಗ್ರಾಫರ್ ಮೊದಲ ಕೆಲವು ನಿಮಿಷ ಇದ್ದು ಹೊರಟುಹೋಗಿದ್ದ.

ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆ. ಬಸ್ಸು ಹತ್ತಿ, ಮೆಟ್ಟಿಲಲ್ಲೇ ನಿಂತು, "ಮುಂದಿನ ಕ್ಲಾಸ್ ಯಾವತ್ತಮ್ಮ?" ಎಂದು ಕೇಳಿದರು.

"ಕೇಳಿ ಹೇಳ್ತೀನಿ ಸಾರ್."

ಮರುದಿನವೇ ಕೇಳಿದೆ. "ಗೆಸ್ಟ್ ಲೆಕ್ಚರ್ ಒಂದೇ ಸಾಕು ಮೇಡಂ. ಫೈಲಿಗೆ ಬೇಕಿದ್ದದ್ದು ಬಂತಲ್ಲ" ಅಂದರು ಡೈರೆಕ್ಟರು. ಸುಳ್ಳು ಹೇಳಲು ಮನಸ್ಸು ಬರದೆ ಇದ್ದದ್ದನ್ನು ಇದ್ದ ಹಾಗೆ ಸಾರ್‌ಗೆ ಹೇಳಿದೆ. ಅವರು, "ಆಯ್ತು ಬಿಡಮ್ಮ. ಮುಂದಿನ ಸೆಮಿಸ್ಟರ್ ನೋಡಣ" ಅಂದರು. ನಾನು ಬೇರೆ ಎರಡು ಕಾಲೇಜುಗಳಿಗೆ ಹೇಳಿಸಿದೆ. ಒಂದು ಕಡೆ ವಯಸ್ಸು ಕೇಳಿದರು, ಇನ್ನೊಂದು ಕಡೆ ಉತ್ತರವೇ ಬರಲಿಲ್ಲ.

ಚಳಿ ಜೋರಾಗಿದ್ದ ಒಂದು ಬೆಳಗ್ಗೆ ಹೇಗಿದ್ದಾರೋ ಎಂದು ಫೋನ್ ಮಾಡಿದೆ. ದನಿ ಕ್ಷೀಣವಾಗಿತ್ತು.

"ಜ್ವರ ಕಣಮ್ಮ."

ನನಗೆ ಸಂತೋಷವೇ ಆಯಿತು. ಏನೋ ಹೊಸದು ಶುರು ಮಾಡಿದ್ದಾರೆ ಅಂದುಕೊಂಡೆ. "ಎಷ್ಟನೇದು ಸಾರ್?" ಎಂದು ಕೇಳಿದೆ.

ಅವರು ನಕ್ಕರು. ನಗು ಕೆಮ್ಮಾಯಿತು. "ಐದನೇದು."

"ಹುಳಕ್ಕೆ ಐದನೇ ಜ್ವರ ಇಲ್ವಲ್ಲ ಸಾರ್. ನೀವೇ ಹೇಳಿದ್ದು, ನಾಲ್ಕೇ ಅಂತ."

"ಇಲ್ಲ. ಅದಕ್ಕೇ ಏನು ಮಾಡ್ಬೇಕು ಅಂತ ಗೊತ್ತಾಗ್ತಿಲ್ಲ" ಅಂದರು. ಎದ್ದ ಮೇಲೆ ಫೋನ್ ಮಾಡಿ ಸಾರ್ ಎಂದು ಹೇಳಿ ಕ್ಲಾಸಿಗೆ ಓಡಿದೆ. ಸ್ಟಾಫ್ ರೂಮಿನಲ್ಲಿ ಸಾರ್‌ಗೆ ಐದನೇ ಜ್ವರವಂತೆ ಅಂದೆ. ಎಲ್ಲರೂ ನಕ್ಕರು, ಇನ್ನೇನು ಕಲಿಯುತ್ತಿದ್ದಾರೋ ಎಂದು. ಆ ವಾರ ಮುಗಿಯುವುದರೊಳಗೆ ಅವರು ಹೋದ ಸುದ್ದಿ ಬಂತು.

ಸುದ್ದಿ ತಡವಾಗಿ ಬಂದದ್ದರಿಂದ ಮಣ್ಣಿಗೆ ಹೋಗಲಾಗಲಿಲ್ಲ. ಮೂರು ದಿನ ಕಳೆದು ಕೆಮಿಸ್ಟ್ರಿ ಮೇಡಂ ಮತ್ತು ನಾನು ಅವರ ಹಳ್ಳಿಗೆ ಹೋದೆವು. ಅವರ ಹೆಂಡತಿ ಜಗುಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಸೂತಕದ ಕಾರಣ ಮನೆಯವರು ಹುಳದ ಮನೆಗೆ ಕಾಲಿಡುವ ಹಾಗಿಲ್ಲ, ಪಕ್ಕದ ಮನೆಯವರು ಬಂದು ಸೊಪ್ಪು ಹಾಕಿ ಹೋಗುತ್ತಿದ್ದರು. ನಾನು ಯಾರೆಂದು ಹೇಳಿಕೊಂಡೆ. ಅವರಿಗೆ ಮೊದಲೇ ಗೊತ್ತಿತ್ತು.

"ನೀವು ಫೋನ್ ಮಾಡಿದಾಗ ಕೋಲಾರದ ಆಸ್ಪತ್ರೇಲಿದ್ರಮ್ಮ. ಎದೇಲಿ ಕಫ ಕಟ್ಟಿತ್ತು. ಮೈ ಕೆಂಡ. ಮಾತಾಡ್ಬೇಡಿ ಅಂದ್ರು ಡಾಕ್ಟ್ರು. ನಿಮ್ಮ ಹೆಸರು ನೋಡ್ಬಿಟ್ಟು ಅವರೇ ಎತ್ತಿದ್ರು. ಇಟ್ಟಾದ ಮೇಲೂ ನಗ್ತಾ ಇದ್ರು."

ಮೇಡಂ ನನ್ನ ಕೈ ಹಿಡಿದುಕೊಂಡರು. ಹುಳದ ಮನೆಯಿಂದ ಸಣ್ಣಗೆ ಸದ್ದು ಬರುತ್ತಿತ್ತು. ಮಳೆಯೇನೋ ಎಂದು ನಾನು ಆಕಾಶ ನೋಡಿದೆ.

"ಕೆಲಸ ಹೋದಾಗಿಂದ ಊಟ ಸೇರ್ತಿರ್ಲಿಲ್ಲ," ಎಂದರು ಅವರು, ನಮ್ಮ ಕಡೆ ನೋಡದೆ. "ತಟ್ಟೇಲಿ ಹಾಕಿದ್ದನ್ನ ಹಂಗೇ ಬಿಟ್ಟು ಏಳೋರು. ನೀವು ಆವತ್ತು ಕಾಲೇಜಿಗೆ ಕರೆಸಿದ್ರಲ್ಲಮ್ಮ, ಆವತ್ತು ಬಂದವರು ಕೈಕಾಲು ತೊಳೀದೇನೆ ತಟ್ಟೆ ಮುಂದೆ ಕೂತ್ರು. ಮುದ್ದೆ ಹಾಕ್ದೆ, ಇನ್ನೊಂದು ಹಾಕು ಅಂದ್ರು. ಹಾಕ್ದೆ. ಸಾರು ಇನ್ನಷ್ಟು ಬಿಡು ಅಂದ್ರು."

ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಆವತ್ತೊಂದೇ ದಿನ. ಆಮೇಲೆ ಮತ್ತೆ ಕೇಳ್ಲಿಲ್ಲ."